ಘಾಟಿಗೂ ಕಾಡುಹಾದಿಗೂ ಯಾವ ಗೇರ್? ಮೊದಲು ಹಲ್ಲು ಎಣಿಸಿ

ಸೈಕಲ್ ಅಂಗಡಿಗೆ ಹೋದವರು ಮೊದಲು ಕೇಳೋದು "ಎಷ್ಟು ಗೇರ್ ಇದೆ?" ಅಂತ. 21 ಅಂದರೆ ಖುಷಿ, 9 ಅಂದರೆ ಮುಖ ಸಪ್ಪೆ. ಆದರೆ ಏರು ಹತ್ತಿಸೋದು ಗೇರುಗಳ ಸಂಖ್ಯೆಯಲ್ಲ, ಇರುವುದರಲ್ಲಿ ತೀರಾ ಹಗುರವಾದ ಆ ಒಂದು ಗೇರ್.

ಅದನ್ನು ತಿಳಿಯೋದು ಸುಲಭ. ಮುಂದಿನ ಚೈನ್‌ರಿಂಗ್‌ಗಳಲ್ಲಿ, ಅಂದರೆ ಪೆಡಲ್ ಬಳಿಯ ಹಲ್ಲಿನ ಚಕ್ರಗಳಲ್ಲಿ, ಸಣ್ಣದರ ಹಲ್ಲು ಎಣಿಸಿ, ಹಿಂದಿನ ಹಲ್ಲಿನ ಚಕ್ರಗಳಲ್ಲಿ ದೊಡ್ಡದರ ಹಲ್ಲಿನಿಂದ ಭಾಗಿಸಿ. ಬಂದ ಉತ್ತರ ಕಡಿಮೆಯಾದಷ್ಟೂ ಗೇರ್ ಹಗುರ. ಸಾಮಾನ್ಯವಾಗಿ ಹಲ್ಲಿನ ಸಂಖ್ಯೆ ಅಲ್ಲೇ ಕೊರೆದಿರುತ್ತದೆ, ಗ್ರೀಸ್ ಒರೆಸಿ ನೋಡಿ. ರೋಡ್ ಬೈಕಿನ 34ಕ್ಕೆ 28 ಅಂದರೆ 1.2. ಟೂರಿಂಗ್ ಸೈಕಲ್ಲಿನ 26ಕ್ಕೆ 36 ಅಂದರೆ 0.72.

ಈಗ ಸೋಮೇಶ್ವರದಿಂದ ಆಗುಂಬೆ ಘಾಟಿಯನ್ನು ಲಗೇಜ್ ಕಟ್ಟಿಕೊಂಡು ಗಂಟೆಗೆ 6 ಕಿ.ಮೀ. ವೇಗದಲ್ಲಿ ಹತ್ತುತ್ತಿದ್ದೀರಿ ಅಂದುಕೊಳ್ಳಿ. 700ಸಿ ಅಳತೆಯ (ರೋಡ್, ಟೂರಿಂಗ್ ಸೈಕಲ್ಲಿನ ಸಾಮಾನ್ಯ ಅಳತೆ) ಚಕ್ರ ಒಂದು ಸುತ್ತಿಗೆ ಸುಮಾರು 2.1 ಮೀಟರ್ ಹೋಗುತ್ತದೆ. 1.2ರ ಗೇರಿನಲ್ಲಿ ಪೆಡಲ್ ನಿಮಿಷಕ್ಕೆ ಬರೀ 40 ಸುತ್ತು, ಪ್ರತಿ ತುಳಿತಕ್ಕೂ ಮಂಡಿ ಹಿಡಿಯುತ್ತದೆ. 0.72ರಲ್ಲಿ ಅದೇ ವೇಗಕ್ಕೆ 66 ಸುತ್ತು, ಮಾತಾಡ್ತಾ ಹತ್ತಬಹುದು. ಹಾಗಾಗಿ ಲಗೇಜ್ ಇದ್ದರೆ 0.8ಕ್ಕಿಂತ ಕಡಿಮೆ ಇರಲಿ. ಇಳಿಜಾರಿನ ಚಿಂತೆ ಬೇಡ, 44ಕ್ಕೆ 11 ಇದ್ದರೇ ಗಂಟೆಗೆ 45 ಕಿ.ಮೀ.ವರೆಗೆ ತುಳಿಯಬಹುದು, ಬ್ಯಾಗ್ ಹೊತ್ತ ಸೈಕಲ್ಲಿಗೆ ಅದಕ್ಕಿಂತ ಜಾಸ್ತಿ ಯಾಕೆ ಅಲ್ವಾ?

ಕಲ್ಲು, ಬೇರು ತುಂಬಿದ ಹಾದಿಗೆ ಮುಂದೆ ಒಂದೇ ಚೈನ್‌ರಿಂಗ್ ಸಾಕು. 32 ಹಲ್ಲಿನದು, ಹಿಂದೆ 11ರಿಂದ 51 ಹಲ್ಲಿನವರೆಗಿನ ಕ್ಯಾಸೆಟ್, ಅಂದರೆ ಹಿಂದಿನ ಹಲ್ಲಿನ ಚಕ್ರಗಳ ಗೊಂಚಲು. ಇಂಥ ಚೈನ್‌ರಿಂಗ್ ಹತ್ತಿರದಿಂದ ನೋಡಿ, ಒಂದು ಹಲ್ಲು ದಪ್ಪ, ಪಕ್ಕದ್ದು ಸಪೂರ. ಕುಲುಕಾಟದಲ್ಲಿ ಚೈನ್ ಬೀಳದಿರಲಿ ಅಂತ ಈ ಉಪಾಯ. ದೂರದ ಪ್ರಯಾಣಕ್ಕೆ ಮಾತ್ರ ನನ್ನ ಮತ ಹಳೇ ಮೂರು ಚೈನ್‌ರಿಂಗಿಗೇ. ಗೇರಿನಿಂದ ಗೇರಿಗೆ ಅಂತರ ಕಡಿಮೆ, ಮೇಲಾಗಿ 8 ಸ್ಪೀಡಿನ (ಹಿಂದೆ ಎಂಟು ಹಲ್ಲಿನ ಚಕ್ರ ಇರುವ) ಚೈನ್ ಸಣ್ಣ ಊರಲ್ಲೂ ಸಿಗುವ ಸಾಧ್ಯತೆ ಇದೆ, 12ರದ್ದು ಕಷ್ಟ.

ಇರುವ ಸೈಕಲ್ಲಿನ ಗೇರನ್ನೇ ಹಗುರ ಮಾಡ್ತೀರಾ? ಏಳು ಗೇರಿನ ಅಗ್ಗದ ಸೈಕಲ್ಲಿಗೆ 14-28ರ ಬದಲು 14-34ರ ಫ್ರೀವ್ಹೀಲ್ (ಹಿಂದಿನ ಚಕ್ರಕ್ಕೆ ತಿರುಗಿಸಿ ಕೂರಿಸುವ ಹಲ್ಲಿನ ಗೊಂಚಲು) ಹಾಕಿಸಬಹುದು. ಆದರೆ ಸುಮ್ನೆ ದೊಡ್ಡದು ತಂದು ಕೂರಿಸಬೇಡಿ. ನಿಮ್ಮ ಡಿರೇಲರ್, ಅಂದರೆ ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ದಾಟಿಸುವ ಹಿಂದಿನ ಭಾಗ, ಎಷ್ಟು ಹಲ್ಲಿನವರೆಗೆ ತಾಳುತ್ತದೆ ಅಂತ ಮೊದಲೇ ಕೇಳಿ. ಹಾಕಿಸಿದ ಮೇಲೆ ಅಂಗಡಿಯಲ್ಲೇ ಚಕ್ರ ಎತ್ತಿ, ಮುಂದೆ ದೊಡ್ಡದು ಹಿಂದೆ ದೊಡ್ಡದಕ್ಕೆ ನಿಧಾನವಾಗಿ ಚೈನ್ ಏರಿಸಿ ನೋಡಿ. ಚೈನ್ ಬಿಗಿದು ಡಿರೇಲರ್ ಮುಂದಕ್ಕೆ ಜಗ್ಗಿ ನಿಂತರೆ, ಚೈನಿಗೆ ಇನ್ನಷ್ಟು ಲಿಂಕ್ ಸೇರಿಸದೆ ಅಲ್ಲಿಂದ ಹೊರಡಬೇಡಿ.