ತಿದ್ದುವ ಕೆಲಸದ ನಡುವೆ ಅಂತರ್ಜಾಲಕ್ಕೆ ಹಾಕಿಕೊಂಡ ಮಿತಿ

ಬೇರೆಯವರು ಬರೆದದ್ದನ್ನು ಅಚ್ಚಿಗೆ ಹೋಗುವ ಮುನ್ನ ಓದಿ ತಿದ್ದುವುದು ನನ್ನ ವೃತ್ತಿ. ಲೇಖಕರು ಕೊಟ್ಟ ಇಸವಿ ಸರಿಯೇ, ವ್ಯಕ್ತಿಯ ಹೆಸರಿನ ಕಾಗುಣಿತ ಸರಿಯೇ, ಮೂರನೆಯ ಅಧ್ಯಾಯದ ಅಂಕಿ ಏಳನೆಯ ಅಧ್ಯಾಯದಲ್ಲಿ ಬೇರೆಯಾಗಿದ್ದರೆ ಎರಡರಲ್ಲಿ ಯಾವುದನ್ನು ಉಳಿಸಬೇಕು ಎಂಬಂಥ ಪ್ರಶ್ನೆಗಳು ಪುಟಪುಟಕ್ಕೂ ಏಳುತ್ತವೆ. ಅಂತರ್ಜಾಲದ ನೆರವಿಲ್ಲದೆ ಈಗ ಈ ಕೆಲಸ ಸಾಗುವುದಿಲ್ಲ. ಹಾಗಾಗಿ ಸಂಪರ್ಕವನ್ನೇ ಕಡಿದುಬಿಡಬೇಕೆಂಬ ಸಲಹೆ, ಅದು ಎಷ್ಟೇ ಒಳ್ಳೆಯದಾಗಿದ್ದರೂ, ನನ್ನ ಉಪಯೋಗಕ್ಕೆ ಬರಲಿಲ್ಲ. ಕೆಲಸಕ್ಕೆ ಬೇಕಾದದ್ದೂ ಕೆಲಸವನ್ನು ಕೆಡಿಸುವುದೂ ಒಂದೇ ಬ್ರೌಸರಿನ ಅಕ್ಕಪಕ್ಕದ ಟ್ಯಾಬುಗಳಲ್ಲಿ ಇರುವ ಎಲ್ಲರ ಪರಿಸ್ಥಿತಿಯೂ ಇದೇ. ಅಂಥವರಿಗೆ ನೆರವಾದೀತೆಂದು, ನಾನು ಅನುಸರಿಸಿಕೊಂಡು ಬಂದ ಕ್ರಮವನ್ನು ಇಲ್ಲಿ ವಿವರಿಸುತ್ತಿದ್ದೇನೆ.

ಯಾವ ಆಪನ್ನೂ ಯಾವ ನಿಯಮವನ್ನೂ ತರುವ ಮೊದಲು ನಾನು ಮಾಡಿದ್ದು ಬರೆದಿಡುವ ಕೆಲಸ. 2018ರಿಂದೀಚೆಗೆ ಐಫೋನಿನಲ್ಲಿ ಸ್ಕ್ರೀನ್ ಟೈಮ್, ಆಂಡ್ರಾಯ್ಡ್‌ನಲ್ಲಿ ಡಿಜಿಟಲ್ ವೆಲ್‌ಬೀಯಿಂಗ್ ಎಂಬ ಸೌಲಭ್ಯಗಳು ಬಂದಿದ್ದು, ಯಾವ ಆಪಿನಲ್ಲಿ ಎಷ್ಟು ಹೊತ್ತು ಕಳೆದೆವೆಂಬ ಲೆಕ್ಕವನ್ನು ಅವು ತಾವಾಗಿಯೇ ಕೊಡುತ್ತವೆ. ಆದರೆ ಅಲ್ಲಿಗೆ ಏಕೆ ಹೋದೆವು ಎಂಬುದನ್ನು ಯಾವ ಯಂತ್ರವೂ ಹೇಳಲಾರದು. ಆದ್ದರಿಂದ ಮೇಜಿನ ಮೇಲೆ ಒಂದು ಹಾಳೆಯನ್ನಿಟ್ಟುಕೊಂಡು, ಬ್ರೌಸರ್ ತೆರೆದಾಗಲೆಲ್ಲ ಮೂರು ಸಂಗತಿಗಳನ್ನು ಗುರುತು ಹಾಕಿದೆ: ಯಾವುದಕ್ಕಾಗಿ ತೆರೆದೆ, ಕೊನೆಗೆ ಎಲ್ಲಿ ತೇಲಿದೆ, ತೆರೆಯುವ ಮುಂಚೆ ಓದುತ್ತಿದ್ದ ವಾಕ್ಯ ಯಾವುದು. ಇವುಗಳಲ್ಲಿ ಮೂರನೆಯದೇ ಹೆಚ್ಚು ಬೆಲೆಯುಳ್ಳದ್ದೆಂದು ತಿಳಿಯಲು ಬಹಳ ದಿನ ಬೇಕಾಗಲಿಲ್ಲ.

ಅಲೆದಾಟ ಮನರಂಜನೆಯ ತಾಣಗಳಿಂದ ಶುರುವಾಗುತ್ತದೆಂಬುದು ಸಾಮಾನ್ಯ ನಂಬಿಕೆ. ನನ್ನ ಹಾಳೆ ತೋರಿಸಿದ್ದು ಬೇರೆಯನ್ನು. ಹೆಚ್ಚಿನ ಸಲ ಅದು ಶುರುವಾಗಿದ್ದು ನ್ಯಾಯವಾದ ಒಂದು ಹುಡುಕಾಟದಿಂದ. ಅದಕ್ಕಿಂತ ಮುಖ್ಯವಾಗಿ, ತಿದ್ದಲು ಕಷ್ಟವಾದ ಒಂದು ಪ್ಯಾರಾದ ಎದುರಿನಲ್ಲಿ. ವಾಕ್ಯ ಗೋಜಲಾಗಿದೆ, ಲೇಖಕರ ಅಭಿಪ್ರಾಯ ಸ್ಪಷ್ಟವಿಲ್ಲ, ಹೇಗೆ ಸರಿಪಡಿಸಬೇಕೆಂದು ತೋಚುತ್ತಿಲ್ಲ; ಅದೇ ಹೊತ್ತಿಗೆ ಆ ವಾಕ್ಯದಲ್ಲಿರುವ ಊರಿನ ಹೆಸರನ್ನು ಪರಿಶೀಲಿಸಬೇಕೆಂದು ಮನಸ್ಸು ಹೇಳುತ್ತದೆ. ಪರಿಶೀಲನೆ ಒಂದು ನಿಮಿಷದಲ್ಲಿ ಮುಗಿಯುತ್ತದೆ, ಆದರೆ ಗೋಜಲಿನ ವಾಕ್ಯಕ್ಕೆ ಮರಳಲು ಮನಸ್ಸಾಗುವುದಿಲ್ಲ. ಅಲ್ಲಿಂದ ಮುಂದೆ ಒಂದು ಕೊಂಡಿಯಿಂದ ಇನ್ನೊಂದಕ್ಕೆ ಸಾಗುವ ಪಯಣ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಶಾಖೆಯ ಗ್ಲೋರಿಯಾ ಮಾರ್ಕ್ ಅವರು ಕಚೇರಿಗಳಲ್ಲಿ ಕೆಲಸ ಮಾಡುವವರನ್ನು ವರ್ಷಗಟ್ಟಲೆ ಗಮನಿಸಿದವರು. ಜನರು ಪರದೆಯ ಮೇಲಿನ ಒಂದು ವಿಷಯದಲ್ಲಿ ನಿಲ್ಲುವ ಸರಾಸರಿ ಅವಧಿ 2004ರ ಅವರ ಅಳತೆಯಲ್ಲಿ ಸುಮಾರು ಎರಡೂವರೆ ನಿಮಿಷವಿದ್ದು, ಇತ್ತೀಚಿನ ಅಳತೆಗಳಲ್ಲಿ 47 ಸೆಕೆಂಡಿನ ಆಸುಪಾಸಿಗೆ ಇಳಿದಿದೆ. ಆದರೆ ಅವರ ಕೆಲಸದಲ್ಲಿ ನನಗೆ ಹೆಚ್ಚು ಉಪಯುಕ್ತವೆನಿಸಿದ್ದು ಇನ್ನೊಂದು ಅಂಶ: ಕೆಲಸಕ್ಕೆ ಬೀಳುವ ಅಡ್ಡಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹೊರಗಿನಿಂದ ಬಂದವಲ್ಲ, ನಾವೇ ತಂದುಕೊಂಡವು. ಹಾಗಿದ್ದ ಮೇಲೆ ಬರೀ ನೋಟಿಫಿಕೇಷನ್ ನಿಲ್ಲಿಸಿದರೆ ಆಗುವುದು ಅರ್ಧ ಕೆಲಸ ಮಾತ್ರ.

ಉಳಿದರ್ಧಕ್ಕೆ ನಾನು ಕಂಡುಕೊಂಡ ಉಪಾಯ ಬಹಳ ಸರಳವಾದದ್ದು. ಇಡೀ ಕ್ರಮದಲ್ಲಿ ಒಂದನ್ನು ಮಾತ್ರ ಉಳಿಸಿಕೊಳ್ಳಬೇಕೆಂದರೆ ನಾನು ಇದನ್ನೇ ಉಳಿಸಿಕೊಳ್ಳುತ್ತೇನೆ. ಓದುವಾಗ ಏನನ್ನಾದರೂ ಹುಡುಕಬೇಕೆನಿಸಿದರೆ ಆ ಕ್ಷಣದಲ್ಲಿ ಹುಡುಕುವುದಿಲ್ಲ. ಕರಡಿನಲ್ಲಿ ಆ ಜಾಗಕ್ಕೆ ಒಂದು ಗುರುತು ಹಾಕಿ, ಪಕ್ಕದ ಕಾಗದದಲ್ಲಿ ಪುಟಸಂಖ್ಯೆಯೊಡನೆ ಪ್ರಶ್ನೆಯನ್ನು ಬರೆದು, ಮುಂದಿನ ವಾಕ್ಯಕ್ಕೆ ಹೋಗುತ್ತೇನೆ. ಸುಮಾರು ಒಂದು ಗಂಟೆಯ ಓದು ಮುಗಿದ ಮೇಲೆ, ಅಥವಾ ಅಧ್ಯಾಯ ಚಿಕ್ಕದಾಗಿದ್ದರೆ ಅದರ ಕೊನೆಯಲ್ಲಿ, ಕಾಗದವನ್ನು ಮುಂದಿಟ್ಟುಕೊಂಡು ಎಲ್ಲ ಪ್ರಶ್ನೆಗಳನ್ನೂ ಒಂದರ ಹಿಂದೊಂದರಂತೆ ಹುಡುಕುತ್ತೇನೆ. ಉತ್ತರ ಸಿಕ್ಕ ಪ್ರಶ್ನೆಯನ್ನು ಗೀಟು ಹಾಕಿ ಹೊಡೆಯುತ್ತೇನೆ, ಹುಡುಕುತ್ತಿರುವಾಗ ಕಣ್ಣಿಗೆ ಬಿದ್ದ ಬೇರೆ ಸ್ವಾರಸ್ಯದ ಸಂಗತಿಯನ್ನು ಕಾಗದದ ಹಿಂಬದಿಗೆ ಬರೆಯುತ್ತೇನೆ. ಹಿಂಬದಿಯ ಪಟ್ಟಿಯ ಸರದಿ ಸಂಜೆಗೆ ಬರುತ್ತದೆ.

ಈ ಕಾಗದ ಏಕೆ ಕೆಲಸ ಮಾಡುತ್ತದೆಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮೊದಲನೆಯದಾಗಿ, ಬರೆದಿಟ್ಟ ಪ್ರಶ್ನೆ ಮರೆತುಹೋಗುವ ಭಯವಿಲ್ಲದ್ದರಿಂದ ಮನಸ್ಸು ಅದನ್ನು ಕೈಬಿಡಲು ಒಪ್ಪುತ್ತದೆ. ‘ಈಗಲೇ ನೋಡದಿದ್ದರೆ ಮರೆತೀತು’ ಎಂಬ ಆತುರವೇ ಅನೇಕ ಸಲ ನಮ್ಮನ್ನು ಬ್ರೌಸರಿನತ್ತ ಎಳೆಯುವುದು. ಎರಡನೆಯದಾಗಿ, ಬರೆದ ಪ್ರಶ್ನೆಗಳಲ್ಲಿ ಎಷ್ಟೋ ತಾವಾಗಿಯೇ ಬಗೆಹರಿಯುತ್ತವೆ: ಎರಡು ಪುಟ ಮುಂದೆ ಲೇಖಕರೇ ಆ ಇಸವಿಯನ್ನು ಮತ್ತೆ ಹೇಳಿರುತ್ತಾರೆ, ಇಲ್ಲವೇ ಆ ವಾಕ್ಯವನ್ನೇ ತೆಗೆಯಬೇಕಾಗಿ ಬರುತ್ತದೆ. ಮೂರನೆಯದು ಎಲ್ಲಕ್ಕಿಂತ ಮುಖ್ಯವಾದದ್ದು. ಹುಡುಕಾಟದ ಬಾಗಿಲು ಮುಚ್ಚಿದಾಗ ಕಷ್ಟದ ವಾಕ್ಯವೊಂದೇ ಎದುರಿಗೆ ಉಳಿಯುತ್ತದೆ, ಅದನ್ನು ತಿದ್ದದೆ ಗತ್ಯಂತರವಿರುವುದಿಲ್ಲ. ಸೋಫಿ ಲೆರಾಯ್ ಎಂಬ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದಾಗ ಹಿಂದಿನದರ ಯೋಚನೆಯ ಶೇಷ ತಲೆಯಲ್ಲಿ ಉಳಿದು ಹೊಸ ಕೆಲಸದ ಗುಣಮಟ್ಟವನ್ನು ಕುಗ್ಗಿಸುತ್ತದೆಂದು ತೋರಿಸಿದ್ದಾರೆ. ತಿದ್ದುವವರಿಗೆ ಇದು ದಿನನಿತ್ಯದ ಅನುಭವ. ಒಂದು ನಿಮಿಷದ ಹುಡುಕಾಟದಿಂದ ಮರಳಿದಾಗ ಕಣ್ಣು ಅದೇ ಸಾಲನ್ನು ಓದುತ್ತಿದ್ದರೂ, ಎರಡು ಪುಟ ಹಿಂದಿನಿಂದ ಹಿಡಿದುಕೊಂಡು ಬಂದಿದ್ದ ವಾದದ ಎಳೆ ಕೈತಪ್ಪಿರುತ್ತದೆ.

ಇನ್ನು ಬ್ರೌಸರಿನ ವಿಷಯ. ನಾನು ಅದರಲ್ಲಿ ಎರಡು ಪ್ರೊಫೈಲುಗಳನ್ನು ಮಾಡಿಕೊಂಡಿದ್ದೇನೆ. ಕೆಲಸದ ಪ್ರೊಫೈಲಿನಲ್ಲಿ ನಿಘಂಟುಗಳು, ಗ್ರಂಥಾಲಯಗಳ ಸೂಚಿಗಳು ಮತ್ತು ಕಚೇರಿಯ ಈಮೇಲ್ ಇವೆ. ಯಾವ ಸಾಮಾಜಿಕ ಜಾಲತಾಣದ ಪಾಸ್‌ವರ್ಡನ್ನೂ ಅದರಲ್ಲಿ ಉಳಿಸಿಲ್ಲ, ಹಳೆಯ ಹಿಸ್ಟರಿಯನ್ನು ಅಳಿಸಿರುವುದರಿಂದ ಅಡ್ರೆಸ್ ಬಾರಿನಲ್ಲಿ ಒಂದಕ್ಷರ ಒತ್ತಿದ ಕೂಡಲೇ ಪರಿಚಿತ ತಾಣದ ಹೆಸರು ಪೂರ್ತಿಯಾಗಿ ಮೂಡುವುದೂ ಇಲ್ಲ. ಎರಡನೆಯ ಪ್ರೊಫೈಲು ಸಂಜೆಯ ಓದಿಗೆ. ಎರಡಕ್ಕೂ ಬೇರೆ ಬೇರೆ ಬಣ್ಣಗಳನ್ನು ಕೊಟ್ಟಿರುವುದರಿಂದ ಎಲ್ಲಿದ್ದೇನೆಂಬುದು ನೋಡಿದೊಡನೆ ತಿಳಿಯುತ್ತದೆ.

ತಾಣಗಳನ್ನು ತಡೆಯಲು ಎರಡು ದಾರಿಗಳಿವೆ: ಪೂರ್ತಿ ಮುಚ್ಚುವುದು, ತಡಮಾಡಿಸುವುದು. ಪೂರ್ತಿ ಮುಚ್ಚಬೇಕೆಂದರೆ ಯಾವ ತಾಣದ ಹೆಸರಿಗೆ ಯಾವ ವಿಳಾಸವೆಂದು ಕಂಪ್ಯೂಟರಿಗೆ ತಿಳಿಸುವ ಹೋಸ್ಟ್ಸ್ ಫೈಲಿನಲ್ಲಿ 127.0.0.1 ಎಂಬ ವಿಳಾಸವನ್ನೂ ಅದರ ನಂತರ ಆ ತಾಣದ ಹೆಸರನ್ನೂ ಬರೆದರೆ ಸಾಕು. ಆ ವಿಳಾಸ ನಮ್ಮ ಕಂಪ್ಯೂಟರನ್ನೇ ಸೂಚಿಸುವುದರಿಂದ ಬ್ರೌಸರ್ ಹೊರಗಿನ ತಾಣವನ್ನು ತಲುಪುವುದಿಲ್ಲ. ಇದು ಗಟ್ಟಿಯಾದ ತಡೆ, ಖರ್ಚೂ ಇಲ್ಲ. ಆದರೆ ಬಾಗಿಲು ಪೂರ್ತಿ ಮುಚ್ಚಿದ್ದರೆ ಕೈ ಮೊಬೈಲಿನತ್ತ ಹೋಗುತ್ತದೆ, ಅಲ್ಲಿ ತಡೆಯುವವರು ಯಾರೂ ಇರುವುದಿಲ್ಲ. ಆದ್ದರಿಂದ ಹೆಚ್ಚಿನ ತಾಣಗಳಿಗೆ ನಾನು ಎರಡನೆಯ ದಾರಿಯನ್ನು ಆರಿಸಿಕೊಂಡೆ. ಬ್ರೌಸರಿಗೆ ಸೇರಿಸಿಕೊಳ್ಳುವ ಲೀಚ್‌ಬ್ಲಾಕ್ ಎಂಬ ಉಚಿತ ಎಕ್ಸ್‌ಟೆನ್ಷನ್‌ನಲ್ಲಿ, ಆರಿಸಿದ ತಾಣವನ್ನು ತೆರೆದಾಗ ಕೆಲವು ಸೆಕೆಂಡುಗಳ ಎಣಿಕೆ ಮುಗಿದ ಮೇಲಷ್ಟೇ ಪುಟ ಕಾಣುವಂತೆ ಹೊಂದಿಸಬಹುದು. ದಿನದ ಯಾವ ಹೊತ್ತಿನಲ್ಲಿ ತಡೆ ಇರಬೇಕು, ಒಟ್ಟು ಎಷ್ಟು ನಿಮಿಷ ಬಿಡಬೇಕು ಎಂಬುದನ್ನೂ ಗೊತ್ತುಮಾಡಬಹುದು. ಬೆರಳು ಅಭ್ಯಾಸಬಲದಿಂದ ತೆರೆದ ಪುಟಕ್ಕೆ ಅರ್ಧ ನಿಮಿಷ ಕಾಯಬೇಕಾಗಿ ಬಂದರೆ, ಆ ಅರ್ಧ ನಿಮಿಷದಲ್ಲಿ ಬೇಡವೆಂದು ತೀರ್ಮಾನಿಸುವುದೇ ಹೆಚ್ಚು. ನಿಜವಾಗಿ ಬೇಕಿದ್ದಾಗ ಕಾಯುವುದು ಹೊರೆಯೆನಿಸುವುದಿಲ್ಲ. ಬೇಕು ಬೇಡಗಳನ್ನು ಬೇರ್ಪಡಿಸಲು ಇದಕ್ಕಿಂತ ನೇರವಾದ ವಿಧಾನವನ್ನು ನಾನು ಕಂಡಿಲ್ಲ.

ಕೆಲವು ತಾಣಗಳನ್ನು ತಡೆಯುವುದಕ್ಕಿಂತ ಅವುಗಳ ರಚನೆಯನ್ನು ಬದಲಿಸುವುದು ಮೇಲು. ಕೆಳಗೆ ಸರಿಸಿದಷ್ಟೂ ಹೊಸ ವಿಷಯ ಬರುತ್ತಲೇ ಇರುವ ಕೊನೆಯಿಲ್ಲದ ಪುಟವನ್ನು 2006ರ ಸುಮಾರಿಗೆ ರೂಪಿಸಿದ ವಿನ್ಯಾಸಕಾರ ಅಜಾ ರಾಸ್ಕಿನ್ ಅವರು ನಂತರದ ವರ್ಷಗಳಲ್ಲಿ ಅದರ ಬಗ್ಗೆ ಬಹಿರಂಗವಾಗಿ ವಿಷಾದ ವ್ಯಕ್ತಪಡಿಸಿದ್ದಾರೆ. ಮೊದಲಿದ್ದ ‘ಮುಂದಿನ ಪುಟ’ ಎಂಬ ಗುಂಡಿ ಓದುಗನಿಗೆ ನಿಂತು ಯೋಚಿಸಲು ಒಂದು ಜಾಗ ಕೊಡುತ್ತಿತ್ತು. ಅದು ಹೋದ ಮೇಲೆ ಎಲ್ಲಿ ನಿಲ್ಲಬೇಕೆಂಬ ಸೂಚನೆಯೇ ಇಲ್ಲ. ಆ ಸೂಚನೆಯನ್ನು ಮತ್ತೆ ತಂದುಕೊಳ್ಳುವುದು ನನ್ನ ಪ್ರಯತ್ನ. ಯೂಟ್ಯೂಬಿನಲ್ಲಿ ಹಿಂದೆ ನೋಡಿದ ವೀಡಿಯೊಗಳ ದಾಖಲೆಯನ್ನು ಅಳಿಸಿ, ಮುಂದೆ ದಾಖಲಾಗದಂತೆ ನಿಲ್ಲಿಸಿದರೆ ಅದರ ಮುಖಪುಟದಲ್ಲಿ ಶಿಫಾರಸುಗಳು ಬರುವುದಿಲ್ಲ, ಹುಡುಕುವ ಚೌಕ ಉಳಿಯುತ್ತದೆ. 2023ರಿಂದ ಈ ವ್ಯವಸ್ಥೆ ಜಾರಿಯಲ್ಲಿದೆ. ಅದರ ಜೊತೆಗೆ, ಮುಂದಿನ ವೀಡಿಯೊವನ್ನು ತಾನಾಗಿ ಶುರುಮಾಡುವ ಆಟೊಪ್ಲೇಯನ್ನು ನಿಲ್ಲಿಸಿದರೆ ಒಂದು ವೀಡಿಯೊ ಮುಗಿದಾಗ ನಿಜವಾಗಿ ಮುಗಿಯುತ್ತದೆ. ನಾನು ನಿಯಮಿತವಾಗಿ ಓದುವ ಬರಹಗಾರರನ್ನು ಆರ್‌ಎಸ್‌ಎಸ್ ರೀಡರ್ ಎಂಬ, ಬೇರೆ ಬೇರೆ ತಾಣಗಳ ಬರಹಗಳನ್ನು ಒಂದೆಡೆ ತರುವ ತಂತ್ರಾಂಶದಲ್ಲಿ ಸೇರಿಸಿಕೊಂಡಿದ್ದೇನೆ. ಹೊಸ ಬರಹಗಳಷ್ಟೇ ಅಲ್ಲಿ ಸಾಲಾಗಿ ಬರುತ್ತವೆ, ಓದಿದ ಮೇಲೆ ಪಟ್ಟಿ ಖಾಲಿಯಾಗುತ್ತದೆ. ಹಳೆಯ ತಂತ್ರಜ್ಞಾನವೆಂದು ಇದನ್ನು ಮರೆತವರು ಒಮ್ಮೆ ಮರಳಿ ನೋಡಬೇಕೆಂದು ಮನಃಪೂರ್ವಕವಾಗಿ ಕೇಳಿಕೊಳ್ಳುತ್ತೇನೆ.

ಮೊಬೈಲಿನಲ್ಲಿ ಕರೆಗಳು ಮತ್ತು ಹಣಕಾಸಿನ ಸಂದೇಶಗಳನ್ನು ಬಿಟ್ಟು ಉಳಿದೆಲ್ಲ ನೋಟಿಫಿಕೇಷನ್‌ಗಳನ್ನು ನಿಲ್ಲಿಸಿದ್ದೇನೆ. ವಾಟ್ಸ್ಆಪಿನ ಗುಂಪುಗಳನ್ನು ಆರ್ಕೈವ್ ಮಾಡಿಟ್ಟರೆ ಹೊಸ ಸಂದೇಶ ಬಂದರೂ ಅವು ಮೇಲೆ ಬರುವುದಿಲ್ಲ. ಪರದೆಯನ್ನು ಕಪ್ಪುಬಿಳುಪಾಗಿಸುವುದು ನನ್ನ ಮಟ್ಟಿಗೆ ಹೇಳಿಕೊಳ್ಳುವಷ್ಟು ವ್ಯತ್ಯಾಸವನ್ನೇನೂ ಮಾಡಲಿಲ್ಲ. ಫೋನು ಪಕ್ಕದಲ್ಲಿದ್ದರೆ ಸಾಕು, ಅದನ್ನು ಮುಟ್ಟದಿದ್ದರೂ ಯೋಚನಾಶಕ್ತಿ ಕುಗ್ಗುತ್ತದೆಂದು 2017ರ ಒಂದು ಅಧ್ಯಯನ ಹೇಳಿತ್ತು. ನಂತರ ಅದೇ ಪ್ರಯೋಗವನ್ನು ಮಾಡಿ ನೋಡಿದ ಎಲ್ಲರಿಗೂ ಅದೇ ಫಲಿತಾಂಶ ಸಿಕ್ಕಿಲ್ಲ. ಆ ಚರ್ಚೆ ಹೇಗೇ ಮುಗಿಯಲಿ, ಫೋನನ್ನು ಇನ್ನೊಂದು ಕೋಣೆಯಲ್ಲಿಡಲು ನನಗಿರುವ ಕಾರಣ ಬೇರೆ: ಎದ್ದು ಹೋಗಬೇಕಾದ ದೂರವೂ ಎಕ್ಸ್‌ಟೆನ್ಷನ್‌ನ ಎಣಿಕೆಯ ಹಾಗೆಯೇ ಕೆಲಸ ಮಾಡುತ್ತದೆ.

ತಂತ್ರಜ್ಞಾನಕ್ಕಿಂತ ಸೂಕ್ಷ್ಮವಾದದ್ದು ಜನರ ನಿರೀಕ್ಷೆ. ಸಂದೇಶ ಕಳಿಸಿದ ಕೂಡಲೇ ಉತ್ತರ ಬರುತ್ತದೆಂಬ ರೂಢಿಯನ್ನು ಬೆಳೆಸಿದವರು ನಾವೇ ಆಗಿರುವುದರಿಂದ, ಅದನ್ನು ಹೇಳದೆ ಕೇಳದೆ ನಿಲ್ಲಿಸಿದರೆ ಎದುರಿನವರಿಗೆ ಉಪೇಕ್ಷೆಯೆಂದು ತೋರುತ್ತದೆ. ಆದ್ದರಿಂದ ಜೊತೆಯಲ್ಲಿ ಕೆಲಸ ಮಾಡುವವರಿಗೂ ಮನೆಯವರಿಗೂ ಮೊದಲೇ ತಿಳಿಸಿದೆ: ಸಂದೇಶಗಳನ್ನು ನಾನು ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ ನೋಡುತ್ತೇನೆ, ತುರ್ತಿದ್ದರೆ ದಯವಿಟ್ಟು ಕರೆ ಮಾಡಿ, ಖಂಡಿತ ಎತ್ತುತ್ತೇನೆ. ಕರೆಗಳ ಸಂಖ್ಯೆ ಹೆಚ್ಚಲಿಲ್ಲ. ತುರ್ತೆಂದು ತೋರುತ್ತಿದ್ದ ಬಹುಪಾಲು ವಿಷಯಗಳು ಕೆಲವು ಗಂಟೆ ಕಾಯಬಲ್ಲವಾಗಿದ್ದವು. ಅದರಲ್ಲೂ ಹಿರಿಯ ಸಹೋದ್ಯೋಗಿಯೊಬ್ಬರು ತಾವೂ ಇದನ್ನೇ ಮಾಡಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆವೆಂದಾಗ, ಈ ಒತ್ತಡವನ್ನು ಯಾರೂ ಬಯಸದೆಯೇ ಎಲ್ಲರೂ ಒಬ್ಬರ ಮೇಲೊಬ್ಬರು ಹೇರುತ್ತಿದ್ದೇವೆಂಬುದು ಅರಿವಾಯಿತು.

ಸಂಜೆಯ ಓದಿಗೆ ನಾನು ಗಡಿಯಾರ ಇಟ್ಟುಕೊಳ್ಳುವುದಿಲ್ಲ, ಆದರೆ ಅದಕ್ಕೆ ಒಂದು ಆರಂಭವಿರುತ್ತದೆ: ಕಾಗದದ ಹಿಂಬದಿಯ ಪಟ್ಟಿ. ಹಗಲಿನಲ್ಲಿ ತಡೆಯಲಾಗದಷ್ಟು ಆಕರ್ಷಕವಾಗಿದ್ದ ಸಂಗತಿಗಳಲ್ಲಿ ಸಂಜೆಯ ಹೊತ್ತಿಗೂ ಆಸಕ್ತಿ ಉಳಿಸಿಕೊಂಡವು ಕೆಲವೇ. ಆ ಕೆಲವನ್ನು ಮಾತ್ರ ಸಂಕೋಚವಿಲ್ಲದೆ, ಉದ್ದಕ್ಕೂ, ಸುಖವಾಗಿ ಓದುತ್ತೇನೆ. ಅಂತರ್ಜಾಲದ ಮೇಲೆ ನನಗೆ ಕೋಪವಿಲ್ಲ. ಇಷ್ಟೊಂದು ಜ್ಞಾನ ಮೇಜಿನ ಬಳಿಗೆ ಬರುವ ಕಾಲದಲ್ಲಿ ಈ ಕೆಲಸ ಮಾಡುತ್ತಿರುವುದು ನನ್ನ ಭಾಗ್ಯವೆಂದೇ ತಿಳಿದಿದ್ದೇನೆ. ಓದಿದ್ದು ನೆನಪಿನಲ್ಲಿ ಉಳಿಯುವಂತೆ ಓದಬೇಕೆಂಬುದಷ್ಟೇ ನನ್ನ ಹಟ.

ಈ ವ್ಯವಸ್ಥೆಗೆ ನಿಗಾ ಬೇಕಾಗುತ್ತದೆ. ತಡೆಪಟ್ಟಿಯಲ್ಲಿಲ್ಲದ ಹೊಸ ತಾಣವೊಂದು ಹಳೆಯದರ ಜಾಗವನ್ನು ಸದ್ದಿಲ್ಲದೆ ಹಿಡಿಯುತ್ತದೆ, ಆಪುಗಳು ಅಪ್‌ಡೇಟ್ ಆದಾಗ ನಿಲ್ಲಿಸಿದ್ದ ನೋಟಿಫಿಕೇಷನ್‌ಗಳು ಹೊಸ ಹೆಸರಿನಲ್ಲಿ ಮರಳುತ್ತವೆ. ಹೀಗಾಗಿ ಒಂದು ಪುಸ್ತಕದ ಕೆಲಸ ಮುಗಿದು ಇನ್ನೊಂದು ಶುರುವಾಗುವ ನಡುವೆ, ಮೊದಲು ಮಾಡಿದ ಹಾಗೆಯೇ ಮತ್ತೆ ಹಾಳೆಯಲ್ಲಿ ಗುರುತು ಹಾಕಿ ನೋಡುತ್ತೇನೆ. ನನಗೆ ಇನ್ನೂ ಪೂರ್ತಿ ಹಿಡಿತಕ್ಕೆ ಸಿಗದಿರುವುದು ಇದೇ ಬಿಡುವಿನ ಹೊತ್ತು. ಗಡುವಿನ ಒತ್ತಡವಿದ್ದಾಗ ಎಲ್ಲ ನಿಯಮಗಳೂ ಸುಲಭವಾಗಿ ನಡೆಯುತ್ತವೆ. ಕೊನೆಯ ಪುಟವನ್ನು ಕಳಿಸಿದ ಮೇಲಿನ ಮಧ್ಯಾಹ್ನದಲ್ಲಿ, ದಣಿದ ತಲೆಗೆ ಬೇರೇನೂ ಬೇಡವಾದಾಗ, ತಡೆಗಳೆಲ್ಲ ತೆಳುವಾಗಿ ತೋರುತ್ತವೆ. ಆ ದಿನಕ್ಕಾಗಿ ಈಚೆಗೆ ಒಂದು ಏರ್ಪಾಡು ಮಾಡಿಕೊಂಡಿದ್ದೇನೆ: ಕಳಿಸುವ ಮುನ್ನವೇ ಅಚ್ಚಾದ ಪುಸ್ತಕವೊಂದನ್ನು ಆರಿಸಿ ಮೇಜಿನ ಮೇಲಿಟ್ಟು, ಕಳಿಸಿದೊಡನೆ ಕಂಪ್ಯೂಟರನ್ನು ಪೂರ್ತಿಯಾಗಿ ಆರಿಸುತ್ತೇನೆ. ಮತ್ತೆ ಹೊತ್ತಿಸುವುದು ಮರುದಿನ ಬೆಳಿಗ್ಗೆಯೇ.