ಎದೆನೋವಿನ ಮೂಲ ಕುತ್ತಿಗೆಯಲ್ಲಿತ್ತು

ನಮ್ಮ ಪೆರ್ಲ, ಬದಿಯಡ್ಕ ಕಡೆಯ ತೋಟಗಳಿಗೆ ಕಾರ್ಬನ್ ಫೈಬರ್ ದೋಟಿ (ಕೊಯ್ಯಲು ಬಳಸುವ ಉದ್ದದ ಗಳ) ಬಂದ ಮೇಲೆ ಮರ ಹತ್ತುವವರಿಗೆ ಕಾಯುವುದು ಕಡಿಮೆಯಾಯಿತು. ನೆಲದಲ್ಲೇ ನಿಂತು ಅಡಿಕೆ ಕೊಯ್ಯಬಹುದು, ಮದ್ದು ಬಿಡಬಹುದು. ಆದರೆ 50-60 ಅಡಿ ಮೇಲಿನ ಗೊನೆ ಕಾಣಬೇಕಾದರೆ ತಲೆ ಪೂರ್ತಿ ಹಿಂದಕ್ಕೆ ಹೋಗಬೇಕು. ಅದೂ ಬೆಳಗಿನಿಂದ ಸಂಜೆ ತನಕ.

ಮಳೆಗೆ ಮುಂಚೆ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತು, ಸುಣ್ಣ ಕಲಸಿದ ಮದ್ದು) ಬಿಡುತ್ತಿದ್ದ ವಾರವೇ ನನಗೆ ಎಡ ಎದೆಯಲ್ಲಿ ಒತ್ತಿದ ಹಾಗೆ ನೋವು ಶುರುವಾಯಿತು. ಬೆನ್ನಿನ ಮೇಲ್ಭಾಗದಲ್ಲೂ ನೋವು, ಅಲ್ಲಿಂದ ಎಡಗೈಗೆ. ಪಕ್ಕದ ತೋಟದವರು "ಗ್ಯಾಸ್ ಮಾರಾಯ್ರೆ, ಜೀರಿಗೆ ಕಷಾಯ ಕುಡಿಯಿರಿ" ಅಂದರು. ಹೆಂಡತಿ ಕಷಾಯಕ್ಕೆ ನೀರಿಡಲಿಲ್ಲ, ಕಾರು ತರಿಸಿದಳು. ಮಂಗಳೂರಿಗೇ ಹೋಗೋಣ ಅಂತ ಮಗ ಹೇಳಿದ. ಅವಳು ಒಪ್ಪದೆ ಹತ್ತಿರದ ಆಸ್ಪತ್ರೆಗೇ ಕರೆದುಕೊಂಡು ಹೋದಳು. ಇಂಥ ಹೊತ್ತಲ್ಲಿ ಅದೇ ಸರಿ.

ಇಸಿಜಿ ಸರಿಯಾಗಿಯೇ ಇತ್ತು. ಆದರೂ ಮನೆಗೆ ಬಿಡಲಿಲ್ಲ. ಟ್ರೋಪೋನಿನ್ ಅಂತ ಒಂದು ರಕ್ತಪರೀಕ್ಷೆ ಮಾಡಿದರು, ಕೆಲವು ಗಂಟೆ ಬಿಟ್ಟು ಅದನ್ನೇ ಇನ್ನೊಮ್ಮೆ. ಹೃದಯದ ಸ್ನಾಯುವಿಗೆ ಪೆಟ್ಟಾದರೆ ಅದು ರಕ್ತದಲ್ಲಿ ಏರಲು ಹೊತ್ತು ಹಿಡಿಯುತ್ತದಂತೆ. ಎರಡೂ ಸರಿ ಬಂತು. ಆಮೇಲೆ ಟ್ರೆಡ್‌ಮಿಲ್ ಮೇಲೆ ಓಡಿಸಿದ್ದೂ ಆಯಿತು. ಸುಮ್ನೆ ದುಡ್ಡು ದಂಡ ಅಂತ ಕೆಲವರು ಅಂದರು. ನನಗೆ ಹಾಗನ್ನಿಸುವುದಿಲ್ಲ.

ಉತ್ತರ ಸಿಕ್ಕಿದ್ದು ಮೂಳೆ ಡಾಕ್ಟರ ಹತ್ತಿರ. ತಲೆಯನ್ನು ಹಿಂದಕ್ಕೆ, ಸ್ವಲ್ಪ ಎಡಕ್ಕೆ ವಾಲಿಸಿ, ನೆತ್ತಿಯ ಮೇಲೆ ಅಂಗೈಯಿಟ್ಟು ಮೆಲ್ಲಗೆ ಒತ್ತಿದರು. ಅದೇ ನೋವು! ಹೆಗಲಿಂದ ನಡುಬೆರಳ ತುದಿ ತನಕ ಕರೆಂಟು ಹೊಡೆದ ಹಾಗೆ ಓಡಿತು. "ದೋಟಿ ಹಿಡಿಯುತ್ತೀರಾ?" ಅಂತ ಕೇಳಿದರು. ಕುತ್ತಿಗೆಯ ಕೆಳಗಿನ ಮೂಳೆಗಳ ನಡುವಿನಿಂದ ಹೊರಡುವ ನರಗಳು ಕೈಗೂ ಹೋಗುತ್ತವೆ, ಎದೆಯ ಸ್ನಾಯುಗಳಿಗೂ ಹೋಗುತ್ತವೆ. ತಲೆ ಹಿಂದಕ್ಕೆ ಬಾಗಿದಾಗ ಅವು ಹೊರಬರುವ ಕಿಂಡಿ ಕಿರಿದಾಗುತ್ತದೆ. ಸವೆದ ಕುತ್ತಿಗೆಯಾದರೆ ನರ ಅಲ್ಲೇ ಒತ್ತಿಹೋಗುತ್ತದೆ. (ಈ ಒತ್ತುವ ಪರೀಕ್ಷೆಯನ್ನು ಮನೆಯಲ್ಲಿ ಯಾರ ಮೇಲೂ ಮಾಡಬೇಡಿ.)

ಗುಡ್ಡ ಹತ್ತುವಾಗ ಬಂದು, ನಿಂತರೆ ಇಳಿಯುವ ನೋವು ಹೃದಯದ್ದಿರಬಹುದು. ನನ್ನದು ತಲೆ ಎತ್ತಿದರೆ ಬರುತ್ತಿತ್ತು, ಗದ್ದ ಇಳಿಸಿದರೆ ಕಡಿಮೆಯಾಗುತ್ತಿತ್ತು. ಹಾಗಂತ ಇದನ್ನೇ ನಂಬಿ ಮನೆಯಲ್ಲಿ ಕೂರುವಂತಿಲ್ಲ. ಸಕ್ಕರೆ ಕಾಯಿಲೆಯವರಿಗೆ, ಹೆಂಗಸರಿಗೆ ಹೃದಯಾಘಾತ ಬರೀ ಸುಸ್ತು, ಬೆವರು, ಬೆನ್ನುನೋವಾಗಿಯೂ ಬರುತ್ತದೆ.

ಕೆಲವು ದಿನ ಮಾತ್ರೆ, ಆಮೇಲೆ ಫಿಸಿಯೋಥೆರಪಿ. ಗೋಡೆಗೆ ಬೆನ್ನು ಕೊಟ್ಟು ನಿಂತು ಗದ್ದವನ್ನು ನೇರ ಹಿಂದಕ್ಕೆ ಎಳೆದು 5 ಸೆಕೆಂಡು ಹಿಡಿಯುವುದು, 10 ಸಲ. ನೋಡುವವರಿಗೆ ನಗು ಬರುತ್ತದೆ, ನನಗಂತೂ ಬಹಳ ಉಪಕಾರವಾಯಿತು. ಕ್ಷೌರದಂಗಡಿಯಲ್ಲಿ ಕುತ್ತಿಗೆ ಲಟಕ್ ಅನ್ನಿಸುವುದನ್ನು ಬಿಟ್ಟೆ. ಹಾಗೆ ತಿರುಚಿದರೆ ಮೆದುಳಿಗೆ ಹೋಗುವ ರಕ್ತನಾಳ ಸೀಳುವ ಅಪಾಯವೂ ಇದೆಯಂತೆ.

ದೋಟಿ ಹಿಡಿಯುವ ಕ್ರಮವೂ ಬದಲಾಯಿತು. ಮರದ ಬುಡದಲ್ಲೇ ನಿಲ್ಲುವುದಿಲ್ಲ. ಸ್ವಲ್ಪ ಹಿಂದೆ ಸರಿದರೆ ತಲೆ ಅಷ್ಟು ಬಾಗಬೇಕಾಗಿಲ್ಲ. ಅರ್ಧ ಗಂಟೆಗೊಮ್ಮೆ ಕೈ ಬದಲು. ಕೈಯ ಬಲ ಕಡಿಮೆಯಾದರೆ ತಡಮಾಡದೆ ಬನ್ನಿ, ಎಂಆರ್‌ಐ ಮಾಡಿಸೋಣ ಅಂದಿದ್ದಾರೆ ಡಾಕ್ಟರು. ಸದ್ಯಕ್ಕೆ ಬೇಕಾಗಿಲ್ಲ. ಈ ಸಲ ಎರಡನೇ ಮದ್ದಿಗೆ ಹುಡುಗರಿಗೆ ಹೇಳಿಟ್ಟಿದ್ದೇನೆ, ಸುಣ್ಣ ಕಲಸುವುದು, ಪಂಪು ನೋಡಿಕೊಳ್ಳುವುದು ನನ್ನ ಪಾಲು.