ಮಾಗಿ ಚಳಿಯಲ್ಲಿ ಚೊಚ್ಚಲ ಬಸಿರು: ದಾವಣಗೆರೆ ಮನೆಯಲ್ಲಿ ನಾನು ಮಾಡಿಕೊಂಡ ಏರ್ಪಾಡು

ಕೊನೆಯ ಮುಟ್ಟು ಶುರುವಾಗಿದ್ದು ಮೇ 15ಕ್ಕೆ. ಅದಕ್ಕೆ ಏಳು ದಿನ ಕೂಡಿಸಿ ಮೂರು ತಿಂಗಳು ಹಿಂದಕ್ಕೆ ಎಣಿಸಿದರೆ ಹೆರಿಗೆಯ ಅಂದಾಜು ದಿನ, ಮುಂದಿನ ಫೆಬ್ರವರಿ 22. ಅಲ್ಲಿಗೆ ಆರನೇ ತಿಂಗಳಿಂದ ದಿನ ತುಂಬೋವರೆಗೂ ಚಳಿಗಾಲವೇ. ನಮ್ಮೂರ ಚಳಿ ಅಂದರೆ ಬೆಳಗಿನ ಜಾವ 15 ಡಿಗ್ರಿ ಆಸುಪಾಸು, ಮಧ್ಯಾಹ್ನ ಮತ್ತೆ 29-30. ಈ ಚಳಿ ತಾನಾಗಿ ಬಸುರಿಗೆ ಏನೂ ಮಾಡಲ್ಲ. ತೊಂದರೆ ತರೋದು ಚಳಿಗೆ ಹೆದರಿ ನಾವು ಮಾಡೋ ಕೆಲಸಗಳು: ಕಿಟಕಿ ಜಡಿಯೋದು, ಮುಚ್ಚಿದ ಬಚ್ಚಲಲ್ಲಿ ಗ್ಯಾಸ್ ಉರಿಸೋದು, ಸುಡುನೀರು ಹುಯ್ಕೊಳ್ಳೋದು, ಕುಡಿಯೋ ನೀರು ಕಡಿಮೆ ಮಾಡೋದು. ನವೆಂಬರ್‌ನಿಂದ ಫೆಬ್ರವರಿವರೆಗೆ ನಾನು ಒಂದೊಂದಾಗಿ ತಿದ್ದಿಕೊಂಡಿದ್ದು ಇವನ್ನೇ.

ಮೊದಲು ಬಚ್ಚಲುಮನೆ. ಊರಲ್ಲಿ ಈಗ ಹಂಡೆ ಒಲೆ ಕಡಿಮೆಯಾಗಿ ಗ್ಯಾಸ್ ಗೀಸರ್ ಬಂದಿದೆ. ಬಾಡಿಗೆ ಮನೆಗಳ ಬಚ್ಚಲು ಸಾಮಾನ್ಯವಾಗಿ ನಾಲ್ಕಡಿ-ಆರಡಿ. ಮೇಲೊಂದು ಗಾಜಿನ ಪಟ್ಟಿಯ ಕಿಂಡಿ, ಚಳಿ ಬರುತ್ತೆ ಅಂತ ಅದಕ್ಕೂ ರಟ್ಟು. ಗಾಳಿ ಸಾಲದ ಕಡೆ ಗ್ಯಾಸ್ ಉರಿದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತೆ. ತಾಯಿಯ ರಕ್ತದಿಂದ ಇಳಿದು ಹೋದ ಮೇಲೂ ಹೊಟ್ಟೆಯೊಳಗಿನ ಮಗುವಿನ ರಕ್ತದಲ್ಲಿ ಇನ್ನಷ್ಟು ಹೊತ್ತು ಉಳಿದಿರುತ್ತೆ. ಮೊದಲ ಲಕ್ಷಣ ತಲೆನೋವು, ತಲೆಸುತ್ತು, ವಾಕರಿಕೆ. ಬಸುರಿಗೆ ಈ ಮೂರೂ ಇದ್ದಿದ್ದೇ ಅಲ್ವಾ, ಹಾಗಾಗಿ ಗೀಸರ್ ಮೇಲೆ ಯಾರಿಗೂ ಅನುಮಾನ ಬರಲ್ಲ.

ನಾವು ಮಾಡಿದ್ದು ಇಷ್ಟು. ಗೀಸರ್, ಸಿಲಿಂಡರ್ ಎರಡನ್ನೂ ಹಿತ್ತಲ ಗೋಡೆಗೆ ಸಾಗಿಸಿ, ನೀರಿನ ಪೈಪ್ ಮಾತ್ರ ಒಳಗೆ ತಂದೆವು. ಪ್ಲಂಬರ್‌ಗೆ ಅರ್ಧ ದಿನದ ಕೆಲಸ. ಮನೆ ಓನರ್ ಒಪ್ಪದಿದ್ದರೆ ಇನ್ನೊಂದು ದಾರಿ ಇದೆ: ಬಾಗಿಲು ತೆರೆದಿಟ್ಟು ಎರಡು ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಐದು ನಿಮಿಷ ಬಿಟ್ಟು ಒಳಗೆ ಹೋಗಿ. ಉರಿಯೋ ಗೀಸರ್ ಕೆಳಗೆ ನಿಂತು ಸ್ನಾನ ಬೇಡವೇ ಬೇಡ. ಕಿಂಡಿಯ ರಟ್ಟು ತೆಗೀರಿ. ನಾನು ಏಳನೇ ತಿಂಗಳಿಂದ ಚಿಲಕವನ್ನೂ ಹಾಕಲಿಲ್ಲ, ಬಾಗಿಲು ಮುಂದಕ್ಕೆ ಮಾಡಿಕೊಂಡರೆ ಸಾಕು. ನೀರು ಕಾಯಿಸೋ ರಾಡ್ ಬಳಸೋರು ಪ್ಲಾಸ್ಟಿಕ್ ಬಕೆಟ್‌ನಲ್ಲೇ ಇಡಿ, ಸ್ವಿಚ್ ಆರಿಸಿ ಪ್ಲಗ್ ಕಿತ್ತ ಮೇಲೇ ನೀರು ಮುಟ್ಟಿ.

ನೀರು ಎಷ್ಟು ಬಿಸಿ? "ಸುಡುನೀರು ಬಿದ್ರೆ ಬೆನ್ನು ಹಗುರಾಗ್ತತಿ ಕಣವ್ವ" ಅಂತಾರೆ ಅತ್ತೆ. ಆಗೋದು ನಿಜ. ಆದರೆ ತುಂಬ ಬಿಸಿನೀರು ಮೈಮೇಲೆ ಬಿದ್ದಾಗ ಚರ್ಮದ ರಕ್ತನಾಳ ಹಿಗ್ಗಿ ಬಿಪಿ ಇಳಿಯುತ್ತೆ, ಎದ್ದು ನಿಂತ ಕೂಡಲೇ ಕಣ್ಣು ಕತ್ತಲೆ ಬರುತ್ತೆ. ಮೊಣಕೈ ಅದ್ದಿದರೆ ಹಿತವಾಗಿರಬೇಕು, ಬಿಸಿ ಅನಿಸಬಾರದು. ಅದು 37-38 ಡಿಗ್ರಿ. ಕುರ್ಚಿ ಎತ್ತರದ ಸ್ಟೂಲ್ ಮೇಲೆ ಕೂತು ಹತ್ತು ನಿಮಿಷದಲ್ಲಿ ಮುಗಿಸಿ. ಬೆನ್ನುನೋವಿಗೆ ಬೇಕಾದರೆ ಆಮೇಲೆ ಬಿಸಿನೀರಿನ ಚೀಲವನ್ನು ಟವೆಲ್‌ನಲ್ಲಿ ಸುತ್ತಿ ಸೊಂಟಕ್ಕಷ್ಟೇ ಇಟ್ಟುಕೊಳ್ಳಿ. ಹೊಟ್ಟೆಗೆ ಬೇಡ.

ಚಳಿಗಾಲದ ಒಣಗಾಳಿಗೆ ಹೊಟ್ಟೆ ಚರ್ಮ ಹಿಗ್ಗೋದೂ ಸೇರಿ ಕೆರೆತ ಶುರುವಾಗುತ್ತೆ. ಕಡಲೆಹಿಟ್ಟು, ಸೋಪು ಎರಡೂ ಒಣಗಿಸುತ್ತವೆ. ಸೋಪನ್ನು ಕಂಕುಳು, ತೊಡೆ ಸಂದಿಗೆ ಬಿಟ್ಟರೆ ಬೇರೆಲ್ಲೂ ಹಚ್ಚಲಿಲ್ಲ. ಮೈ ಪೂರ್ತಿ ಒರೆಸೋ ಮುಂಚೆ, ತೇವ ಇರುವಾಗಲೇ ಎರಡು ಚಮಚ ಕೊಬ್ಬರಿ ಎಣ್ಣೆ. ಹಚ್ಚೋದು ಕೋಣೆಗೆ ಬಂದು ಮಂಚದ ಮೇಲೆ ಕೂತು. ಬಚ್ಚಲಲ್ಲಿ ಹಚ್ಚಿದರೆ ನೆಲಕ್ಕೆ ತೊಟ್ಟಿಕ್ಕಿದ ಎಣ್ಣೆ ಮೇಲೆ ನೀವೇ ಜಾರ್ತೀರಿ. ಎಣ್ಣೆಯಿಂದ ಹೊಟ್ಟೆಯ ಗೆರೆ ಬರೋದು ನಿಲ್ಲಲ್ಲ, ಕೆರೆತ ಕಡಿಮೆಯಾಗುತ್ತೆ, ಅಷ್ಟೇ. ಗುಳ್ಳೆ ಏನೂ ಇಲ್ಲದೆ ಅಂಗೈ-ಅಂಗಾಲಲ್ಲಿ ಕೆರೆತ ಬಂದು ರಾತ್ರಿ ಹೊತ್ತು ಜಾಸ್ತಿಯಾದರೆ ಮಾತ್ರ ಅದು ಚಳಿಯ ಕೆರೆತ ಅಲ್ಲ. ಪಿತ್ತಜನಕಾಂಗದ ತೊಂದರೆ ಇರಬಹುದು. ಮರುದಿನವೇ ಡಾಕ್ಟರಿಗೆ ಹೇಳಿ ರಕ್ತ ಪರೀಕ್ಷೆ ಮಾಡಿಸಬೇಕು.

ನೀರಿನ ಲೆಕ್ಕ ಎಲ್ಲರೂ ತಪ್ಪೋ ಕಡೆ. ಚಳಿಗೆ ಬಾಯಾರಿಕೆ ಆಗಲ್ಲ. ಮೇಲಾಗಿ ಮಗುವಿನ ತಲೆ ಮೂತ್ರಕೋಶ ಒತ್ತಿ ರಾತ್ರಿ ನಾಲ್ಕು ಸಲ ಏಳಬೇಕು, ಚಳಿಯಲ್ಲಿ ಏಳೋಕೆ ಬೇಜಾರು, ಅದಕ್ಕೇ ಕುಡಿಯೋದನ್ನೇ ಬಿಡ್ತೀವಿ. ಇದರಿಂದ ಉರಿಮೂತ್ರ, ಮಲಬದ್ಧತೆ ಎರಡೂ ಬರುತ್ತವೆ. ಮೂತ್ರದ ಸೋಂಕನ್ನು ಹಾಗೇ ಬಿಟ್ಟರೆ ದಿನ ತುಂಬೋ ಮುಂಚೆ ನೋವು ಶುರುವಾಗೋ ಸಾಧ್ಯತೆ ಇದೆ. ನಾನು ಒಂದು ಲೀಟರ್ ಬಾಟಲಿಗೆ ಸಮಯದ ಗೆರೆ ಎಳೆದಿಟ್ಟುಕೊಂಡೆ: ಬೆಳಿಗ್ಗೆ 11ಕ್ಕೆ ಒಂದು ಬಾಟಲಿ ಖಾಲಿ, ಸಂಜೆ 4ಕ್ಕೆ ಎರಡನೇದು, ರಾತ್ರಿ ಊಟದವರೆಗೆ ಅರ್ಧ. ಫ್ಲಾಸ್ಕ್‌ನಲ್ಲಿ ಜೀರಿಗೆ ಹಾಕಿದ ಬೆಚ್ಚನೆ ನೀರಿದ್ದರೆ ಗಂಟಲಿಗೆ ಸಲೀಸಾಗಿ ಇಳಿಯುತ್ತೆ. ಎಂಟರ ಮೇಲೆ ಗುಟುಕು ಮಾತ್ರ. ಮೂತ್ರ ತಿಳಿ ಹುಲ್ಲಿನ ಬಣ್ಣದಲ್ಲಿದ್ದರೆ ಲೆಕ್ಕ ಸರಿ ಇದೆ ಅಂತ.

ಗುಳಿಗೆಗಳ ವಿಷಯ. ಸರ್ಕಾರಿ ಕೆಂಪು ಗುಳಿಗೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ನಾಲ್ಕನೇ ತಿಂಗಳಿಂದ ಕನಿಷ್ಠ 180 ದಿನ. ಕ್ಯಾಲ್ಸಿಯಂ 500 ಮಿಲಿಗ್ರಾಂದು, ದಿನಕ್ಕೆ ಎರಡು. ಇವೆರಡನ್ನು ಒಟ್ಟಿಗೆ ನುಂಗಿದರೆ ಕ್ಯಾಲ್ಸಿಯಂ ಕಬ್ಬಿಣವನ್ನು ಮೈಗೆ ಹತ್ತಗೊಡಲ್ಲ. ಚಹಾ, ಕಾಫಿ, ಹಾಲು, ರಾಗಿ ಅಂಬಲಿ ಕೂಡ ಹಾಗೇ. ನನಗೆ ಒಗ್ಗಿದ ಹೊತ್ತು: ಬೆಳಿಗ್ಗೆ 8ಕ್ಕೆ ತಿಂಡಿ ಮತ್ತು ಚಹಾ, 11ಕ್ಕೆ ಕಬ್ಬಿಣದ ಗುಳಿಗೆ ಜೊತೆಗೆ ಒಂದು ನೆಲ್ಲಿಕಾಯಿ, ಮಧ್ಯಾಹ್ನದ ಊಟಕ್ಕೆ ಮತ್ತು ರಾತ್ರಿ ಊಟಕ್ಕೆ ಒಂದೊಂದು ಕ್ಯಾಲ್ಸಿಯಂ. ನೆಲ್ಲಿಕಾಯಿ ಚಳಿಗಾಲದಲ್ಲೇ ಬರೋದು ಅನುಕೂಲ, ಅದರ ಸಿ ಜೀವಸತ್ವದಿಂದ ಕಬ್ಬಿಣ ಚೆನ್ನಾಗಿ ಹತ್ತುತ್ತೆ. ಮಲ ಕಪ್ಪಗಾಗೋದು ಸಹಜ, ಅದಕ್ಕೆ ಹೆದರಿ ಗುಳಿಗೆ ಬಿಡಬೇಡಿ. ಖಾಲಿ ಹೊಟ್ಟೆಗೆ ವಾಕರಿಕೆ ಬಂದರೆ ಎರಡು ಬಾಳೆಹಣ್ಣಿನ ಹೋಳು ತಿಂದು ನುಂಗಿ. "ಗುಳಿಗೆ ನುಂಗಿದ್ರಾ ಅಕ್ಕಾ?" ಅಂತ ಆಶಾ ಕಾರ್ಯಕರ್ತೆ ಕೇಳಿದಾಗ ಹೂಂ ಅಂದು ಡಬ್ಬಿಯಲ್ಲಿ ಕೂಡಿಡೋರು ಬಹಳ ಜನ. ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿಳಿದಾಗ ಗೊತ್ತಾಗುತ್ತೆ.

ಊಟ ನಮ್ಮ ಕಡೆಯದೇ ಸಾಕು. ಮಧ್ಯಾಹ್ನ ಎರಡು ಜೋಳದ ರೊಟ್ಟಿ, ಗುರೆಳ್ಳು ಪುಡಿ, ಮೊಸರು, ಒಂದು ಸೊಪ್ಪಿನ ಪಲ್ಯ, ಬೇಯಿಸಿದ ಮೊಟ್ಟೆ. ಅವರೆಕಾಳು, ಹಸಿಕಡಲೆ ಸುಗ್ಗಿ ಬಂದಾಗ ಧಾರಾಳವಾಗಿ ತಿನ್ನಿ, ಆದರೆ ಹಗಲು ಹೊತ್ತು. ರಾತ್ರಿ ಅವರೆಕಾಳು ಸಾರು ಉಂಡರೆ ಹೊಟ್ಟೆ ಉಬ್ಬರಿಸಿ ನಿದ್ದೆ ಬರಲ್ಲ. ಬೆಣ್ಣೆ ದೋಸೆ ಬಿಡಬೇಕಾ ಅಂತ ಕೇಳೋರಿಗೆ: ನಾನು ಬಿಡಲಿಲ್ಲ. ಹದಿನೈದು ದಿನಕ್ಕೊಂದು ಸಲ, ಬೆಳಿಗ್ಗೆಯೇ, ಕಾವಲಿಯಿಂದ ಇಳಿದ ಬಿಸಿದು. ಸಂಜೆ ಮಂಡಕ್ಕಿ-ಮೆಣಸಿನಕಾಯಿ ಮಾತ್ರ ಏಳನೇ ತಿಂಗಳಿಂದ ನಿಲ್ಲಿಸಿದೆ. ಗರ್ಭ ಹೊಟ್ಟೆಯನ್ನು ಮೇಲಕ್ಕೆ ಒತ್ತಿರುತ್ತೆ, ಕರಿದ ಮೆಣಸಿನಕಾಯಿ ಬಿದ್ದರೆ ರಾತ್ರಿ ಪೂರ್ತಿ ಹುಳಿತೇಗು. ಊಟ ಏಳೂವರೆಗೆ ಮುಗಿಸಿ, ಎರಡು ಗಂಟೆ ಬಿಟ್ಟು ಮಲಗಿದರೆ ಎದೆ ಉರಿ ಅರ್ಧ ಕಡಿಮೆ. ಸಂಕ್ರಾಂತಿಯ ಎಳ್ಳು-ಬೆಲ್ಲ ಉಷ್ಣ ಅಂತ ಹೆದರಿಸ್ತಾರೆ. ಒಂದು ಹಿಡಿ ತಿಂದರೆ ಏನೂ ಆಗಲ್ಲ. ಒಂಬತ್ತನೇ ತಿಂಗಳಲ್ಲಿ ಹೆರಿಗೆ ಸಲೀಸಾಗಲಿ ಅಂತ ಹರಳೆಣ್ಣೆ ಕುಡಿಸೋ ಮಾತು ಬಂದರೆ ಮಾತ್ರ ಖಡಾಖಂಡಿತ ಬೇಡ ಅನ್ನಿ. ಭೇದಿ ಹತ್ತಿ ನಿತ್ರಾಣವಾಗಿ ಹೆರಿಗೆಗೆ ಹೋಗೋ ಹಾಗಾಗುತ್ತೆ.

ರಾತ್ರಿ ಮೀನಖಂಡ ಹಿಡಿದುಕೊಳ್ಳೋದು ಬಸುರಿನ ಕೊನೆ ತಿಂಗಳುಗಳಲ್ಲಿ ಹೆಚ್ಚು. ಮೈಮುರಿಯುವಾಗ ಕಾಲ್ಬೆರಳನ್ನು ಕೆಳಕ್ಕೆ ಚಾಚಿದ ಕ್ಷಣವೇ ಹಿಡಿಯುತ್ತೆ, ಹಾಗಾಗಿ ಹಿಮ್ಮಡಿಯನ್ನು ಮುಂದೆ ಮಾಡಿ ಮೈಮುರಿಯೋದು ರೂಢಿಸಿಕೊಳ್ಳಿ. ಹಿಡಿದಾಗ ಮಂಡಿ ನೆಟ್ಟಗೆ ಮಾಡಿ, ಬೆರಳುಗಳನ್ನು ಮೊಣಕಾಲ ಕಡೆ ಎಳೆದು ಮೂವತ್ತು ಎಣಿಸಬೇಕು. ಕೈ ಎಟುಕಲ್ಲ ಅನ್ನೋ ತಿಂಗಳಲ್ಲಿ ಪಕ್ಕದಲ್ಲಿ ಮಲಗಿದವರು ಅಂಗಾಲನ್ನು ಒತ್ತಿ ಹಿಡೀಬೇಕು, ಅಥವಾ ಟವೆಲ್ ಪಾದಕ್ಕೆ ಸಿಕ್ಕಿಸಿ ನೀವೇ ಎಳೆಯಬಹುದು. ಮಲಗೋ ಮುಂಚೆ ಗೋಡೆಗೆ ಕೈಕೊಟ್ಟು, ಒಂದು ಕಾಲು ಹಿಂದಿಟ್ಟು, ಹಿಮ್ಮಡಿ ನೆಲಕ್ಕೆ ಊರಿ ಅರ್ಧ ನಿಮಿಷದಂತೆ ಮೂರು ಸಲ, ಜೊತೆಗೆ ಕಾಲುಚೀಲ ಹಾಕಿಕೊಂಡರೆ ವಾರದಲ್ಲಿ ಕಡಿಮೆಯಾಗುತ್ತೆ. ಒಂದೇ ಕಾಲು ಬಾತು, ಕೆಂಪಾಗಿ, ಮುಟ್ಟಿದರೆ ಬಿಸಿ ಇದ್ದರೆ ತಿಕ್ಕಬೇಡಿ. ರಕ್ತ ಹೆಪ್ಪುಗಟ್ಟಿರಬಹುದು, ಆವತ್ತೇ ಆಸ್ಪತ್ರೆಗೆ ಹೋಗಿ.

ಹೊದಿಕೆಗೆ ಚಳ್ಳಕೆರೆ ಕಡೆಯ ಕಂಬಳಿ ಒಳ್ಳೇದು, ಆದರೆ ಒಣಗಿದ ಹೊಟ್ಟೆಗೆ ಉಣ್ಣೆ ಚುಚ್ಚುತ್ತೆ. ಕೆಳಗೆ ಹಳೇ ನೂಲಿನ ಸೀರೆ ಸೇರಿಸಿ ಹೊಲಿದುಕೊಂಡೆ. ದಪ್ಪ ಕೌದಿ ಆರನೇ ತಿಂಗಳವರೆಗೆ ಸರಿ, ಆಮೇಲೆ ಅದರ ಭಾರ ಹೊತ್ತು ಮಗ್ಗಲು ಬದಲಿಸೋಕಾಗಲ್ಲ. ಎಡ ಮಗ್ಗುಲು, ಮಂಡಿಗಳ ನಡುವೆ ಒಂದು ದಿಂಬು, ಹೊಟ್ಟೆ ಕೆಳಗೆ ಮಡಚಿದ ಟವೆಲ್. ಕಿಟಕಿ ಎರಡು ಬೆರಳು ತೆರೆದಿರಲಿ. ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಡಬೇಡಿ, ಬಚ್ಚಲ ಗೀಸರಿಗೆ ಹೇಳಿದ ಮಾತೇ ಇದಕ್ಕೂ. ಸೊಳ್ಳೆಬತ್ತಿ ಹೊಗೆ ಬದಲು ಪರದೆ ಕಟ್ಟಿ.

ಮುಂಜಾನೆ ಐದೂವರೆಗೆ ವಾಕಿಂಗ್ ಹೋಗೋ ಹಟ ಚಳಿಗಾಲದಲ್ಲಿ ಬೇಡ. ಧೂಳು-ಹೊಗೆ ನೆಲಮಟ್ಟಕ್ಕೆ ಇಳಿದಿರುತ್ತೆ. ಭದ್ರಾ ನಾಲೆ ಬಯಲಲ್ಲಿ ನವೆಂಬರ್-ಡಿಸೆಂಬರ್ ಭತ್ತದ ಕೊಯ್ಲು, ಹೊಟ್ಟಿನ ಧೂಳಿಗೆ ಮೂಗು ಕಟ್ಟುತ್ತೆ. ಎಂಟಕ್ಕೆ ಬಿಸಿಲು ಬಿದ್ದ ಮೇಲೆ ಕುಂದವಾಡ ಕೆರೆ ಏರಿ ಮೇಲೆ ಅರ್ಧ ಗಂಟೆ, ಮಾತಾಡ್ತಾ ನಡೆಯೋಕೆ ಆಗುವಷ್ಟು ವೇಗ. ಉಸಿರು ಕಟ್ಟಿ ಮಾತು ತುಂಡಾದರೆ ನಿಧಾನ ಮಾಡಿ.

ನೆಗಡಿ ಆದರೆ ಮೆಡಿಕಲ್ ಸ್ಟೋರ್‌ನಲ್ಲಿ ಕೇಳಿ ಗುಳಿಗೆ ತರಬೇಡಿ. ಜ್ವರ-ಮೈಕೈ ನೋವಿಗೆ ಪ್ಯಾರಾಸಿಟಮಾಲ್ ಆಗುತ್ತೆ, ಆದರೆ ಐಬುಪ್ರೊಫೆನ್, ಡೈಕ್ಲೊಫೆನಾಕ್ ಜಾತಿಯವು 20 ವಾರದ ಮೇಲೆ ಮಗುವಿನ ಮೂತ್ರಪಿಂಡಕ್ಕೆ ಕೆಡುಕು. ಬರೀ ನೀರಿನ ಹಬೆ, ಉಪ್ಪುನೀರಿನ ಮುಕ್ಕಳಿಕೆ ಸಾಕು. ಹಬೆ ಪಾತ್ರೆ ಮೇಜಿನ ಮೇಲಿರಲಿ, ತೊಡೆ ಮೇಲೆ ಬೇಡ. ಫ್ಲೂ ಚುಚ್ಚುಮದ್ದನ್ನು ಬಸುರಿಯರಿಗೂ ಕೊಡ್ತಾರೆ, ಚಳಿ ಶುರುವಾಗೋ ಮುಂಚೆಯೇ ಡಾಕ್ಟರ ಹತ್ತಿರ ಕೇಳಿ.

ತಾಯಿ ಕಾರ್ಡ್ ಸದಾ ಪರ್ಸ್‌ನಲ್ಲಿ. ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತೆ, ರಶ್ ಜಾಸ್ತಿ, ಬೇಗ ಹೋಗಿ. 24ರಿಂದ 28 ವಾರದೊಳಗಿನ ಸಕ್ಕರೆ ಪರೀಕ್ಷೆಗೆ 75 ಗ್ರಾಂ ಗ್ಲೂಕೋಸ್ 300 ಮಿಲಿಲೀಟರ್ ನೀರಲ್ಲಿ ಕಲಸಿ ಕುಡಿಸ್ತಾರೆ. ಗಟಗಟ ಕುಡಿದರೆ ವಾಂತಿ, ಐದು ನಿಮಿಷ ಹಿಡಿದು ಗುಟುಕರಿಸಿ. ಅರ್ಧ ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ದಿನ ಮತ್ತೆ ಮಾಡಿಸಬೇಕು. ಎರಡು ಗಂಟೆ ನಂತರ 140ಕ್ಕಿಂತ ಕಡಿಮೆ ಇರಬೇಕು. ಚೊಚ್ಚಲಿಗೆ ಮಾತೃವಂದನಾ ಯೋಜನೆಯ 5,000 ರೂಪಾಯಿ ಎರಡು ಕಂತಲ್ಲಿ ಬರುತ್ತೆ, 3,000 ಮತ್ತು 2,000. ಆಧಾರ್‌ನಲ್ಲಿ ತಂದೆ ಹೆಸರು, ತಾಯಿ ಕಾರ್ಡ್‌ನಲ್ಲಿ ಗಂಡನ ಹೆಸರು ಅಂತ ಹೆಸರುಗಳು ತಾಳೆಯಾಗದಿದ್ದರೆ ಅಲ್ಲೇ ಸಿಕ್ಕಿಕೊಳ್ಳುತ್ತೆ. ನೋಂದಣಿಗೆ ಮುಂಚೆಯೇ ಬ್ಯಾಂಕ್ ಖಾತೆ, ಆಧಾರ್, ಕಾರ್ಡ್ ಮೂರನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಓದಿ.

ಏಳನೇ ತಿಂಗಳ ಕುಬಸವನ್ನು (ಸೀಮಂತ) ಸಂಜೆ ಬದಲು ಬೆಳಿಗ್ಗೆ ಹನ್ನೊಂದಕ್ಕೆ ಇಟ್ಟುಕೊಂಡೆವು. ಮಣೆ ಬದಲು ಬೆನ್ನಿಗೆ ಒರಗು ಇರೋ ಕುರ್ಚಿ. ಕೆಮ್ಮು ಇದ್ದವರಿಗೆ ಮೊದಲೇ ನಯವಾಗಿ ಹೇಳಿಕಳಿಸಿದೆವು, ಇಬ್ಬರು ಮುನಿಸಿಕೊಂಡರು. ತವರು ಚಿತ್ರದುರ್ಗದ ಕಡೆಯಾದರೆ 60 ಕಿಲೋಮೀಟರ್‌ಗೆ ಸ್ವಲ್ಪ ಹೆಚ್ಚೇ ದಾರಿ. ಜನವರಿಯ ಮುಂಜಾನೆ ಹೆದ್ದಾರಿಯಲ್ಲಿ ಮಂಜು ಇರುತ್ತೆ, ಹತ್ತು ಗಂಟೆ ಮೇಲೆ ಹೊರಡಿ, ಗಂಟೆಗೊಮ್ಮೆ ಇಳಿದು ಹತ್ತು ಹೆಜ್ಜೆ ಹಾಕಿ. ಸೀಟ್ ಬೆಲ್ಟ್‌ನ ಕೆಳಪಟ್ಟಿ ಹೊಟ್ಟೆಯ ಕೆಳಗೆ, ತೊಡೆಯ ಮೇಲೆ ಬರಬೇಕು.

28 ವಾರದ ಮೇಲೆ ದಿನಾ ಊಟವಾದ ಮೇಲೆ ಎಡಕ್ಕೆ ಮಲಗಿ ಮಗು ಮಿಸುಕೋದನ್ನು ಎಣಿಸಿದೆ. ಎರಡು ಗಂಟೆಯಲ್ಲಿ ಹತ್ತು ಆಗದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ತಲೆ ಸಿಡಿತ ಜೊತೆಗೆ ಕಣ್ಣು ಮಂಜು, ಮುಖ ಊದಿಕೊಳ್ಳೋದು, ಬಿಪಿ 140/90, ನೀರು ಅಥವಾ ರಕ್ತ ಹೋಗೋದು, ಇವಕ್ಕೂ ಹಾಗೇ. 108 ನಂಬರ್ ಮನೆಯವರೆಲ್ಲರ ಫೋನಲ್ಲೂ ಇರಲಿ.

36ನೇ ವಾರಕ್ಕೆ ಚೀಲ ಕಟ್ಟಿದೆ. ಹಳೇ ಪಂಚೆ, ನೂಲಿನ ಸೀರೆ ಹರಿದು ಮೊಳದುದ್ದದ ಹನ್ನೆರಡು ಚೌಕ, ಹೊದಿಸೋಕೆ ಎರಡು ದೊಡ್ಡವು. ಬಿಸಿನೀರಲ್ಲಿ ಒಗೆದು, ಕಡು ಬಿಸಿಲಿಗೆ ಒಣಗಿಸಿ, ಇಸ್ತ್ರಿ ಮಾಡಿ, ತೊಳೆದ ದಿಂಬಿನ ಚೀಲದೊಳಗೆ ಗಂಟು. ಮಗು ಹುಟ್ಟಿದ ಕೂಡಲೇ ಒರೆಸಿ ತಾಯಿ ಎದೆಗೆ ಅಂಟಿಸಿ ಮೇಲೆ ಬಟ್ಟೆ ಹೊದಿಸೋದು ಎಲ್ಲಕ್ಕಿಂತ ಒಳ್ಳೇ ಬಿಸುಪು. ಮೊದಲ 24 ಗಂಟೆ ಸ್ನಾನ ಬೇಡ ಅನ್ನೋದನ್ನು ಎರೆಯೋಕೆ ಬರೋ ಅಜ್ಜಿಗೆ ಈಗಲೇ ಹೇಳಿಟ್ಟಿರಿ. ಬಾಣಂತಿ ಕೋಣೆಗೆ ಗೋಡೆ ಥರ್ಮಾಮೀಟರ್ ಒಂದು, 25 ಡಿಗ್ರಿಗಿಂತ ಕೆಳಗಿಳಿಯದಂತೆ ನೋಡಿಕೊಳ್ಳೋಕೆ. ಕುಲಾಯಿ ನಾಲ್ಕು, ಒದ್ದೆಯಾದರೆ ಬದಲಿಸೋಕೆ. ಅಂಗಡಿಯಿಂದ ತಂದ ಕುಲಾಯಿಗೆ ಗದ್ದದ ಕೆಳಗೆ ಕಟ್ಟೋ ಲಾಡಿ ಇರುತ್ತಲ್ಲ, ಅದು ಮಗುವಿನ ಕುತ್ತಿಗೆಗೆ ಸುತ್ತಿಕೊಳ್ಳಬಹುದು. ನಾಲ್ಕರದ್ದೂ ಬುಡಕ್ಕೆ ಕತ್ತರಿಸಿ, ಅಂಚನ್ನು ಒಳಕ್ಕೆ ಮಡಚಿ ಹೊಲಿದಿಟ್ಟೆ.